ಮಿರಜಿನಿಂದ ಬಂದ ತಂಬೂರಿ

ನಮ್ಮ ಶಾಲೆಯ ಸುವರ್ಣ ಮಹೋತ್ಸವದ ಸ್ಮರಣ ಸಂಚಿಕೆಗೆ ನಾನೂ ಒಂದು ಲೇಖನವನ್ನು ಬರೆದುಕೊಡಲೇಬೇಕೆಂದು ಸಂಪಾದಕ ಮಂಡಳಿಯ ಮಿತ್ರರು ಒತ್ತಾಯಪಡಿಸಿದಾಗ, ಶಾಲೆಯ ಇತಿಹಾಸವನ್ನು ಬರೆಯಲೋ, ಗಡಿನಾಡಿನಲ್ಲಿ ಕನ್ನಡ ಕಲಿಸಿದವರ ಕಷ್ಟಸುಖಗಳನ್ನು ಬರೆಯಲೋ ಎಂದು ಕೆಲವು ದಿನ ತೊಳಲಾಡಿದೆ. ಅವೆರಡನ್ನೂ ನನಗಿಂತ ಚೆನ್ನಾಗಿ ಬಲ್ಲವರು ಬರೆಯಲಿದ್ದಾರೆಂದು ಆಮೇಲೆ ತಿಳಿಯಿತು. ಅಷ್ಟರಲ್ಲಿ ಒಂದು ದಿನ ಪ್ರಾರ್ಥನೆ ಮುಗಿದ ಮೇಲೆ ಐದನೆಯ ಇಯತ್ತೆಯ ಹುಡುಗನೊಬ್ಬ ಮೂಲೆಯಲ್ಲಿರುವ ತಂಬೂರಿಯನ್ನು ತೋರಿಸಿ, "ಅಜ್ಜಾರ, ಇದನ್ನ ಎಷ್ಟು ಕೊಟ್ಟು ತಂದೀರಿ?" ಎಂದು ಕೇಳಿದ. "ನೂರಾ ತೊಂಬತ್ತು ರೂಪಾಯಿ" ಎಂದೆ. ಅವನು ನಕ್ಕು ಓಡಿಹೋದ. ಈಗಿನ ಮಕ್ಕಳಿಗೆ ಅದೊಂದು ಮೊತ್ತವೇ ಅಲ್ಲ. ನನಗೆ ಮಾತ್ರ ಆ ಹುಡುಗನಿಗೆ ಅರ್ಧ ಉತ್ತರವನ್ನಷ್ಟೇ ಕೊಟ್ಟೆನೆಂದು ಆ ರಾತ್ರಿಯೆಲ್ಲ ಅನ್ನಿಸುತ್ತಲೇ ಇತ್ತು. ಉಳಿದರ್ಧವನ್ನು ಇಲ್ಲಿ ಬರೆಯುತ್ತೇನೆ.

ನಮ್ಮದು ಜತ್ತ ತಾಲೂಕು. ವರುಣದೇವನಿಗೂ ನಮಗೂ ಬಳಕೆ ಮೊದಲಿನಿಂದಲೂ ಕಡಿಮೆ. ಮನೆಯ ಮಾತು ಕನ್ನಡ, ಪೇಟೆಯ ಮಾತು ಮರಾಠಿ, ಕಚೇರಿಯ ಕಾಗದವೂ ಮರಾಠಿ. ೧೯೬೬ರಲ್ಲಿ ನಾನು ಕನ್ನಡ ಮಾಧ್ಯಮದಲ್ಲಿ ಮ್ಯಾಟ್ರಿಕ್ ತೇರ್ಗಡೆಯಾದೆ. ನಮ್ಮ ಓಣಿಯಲ್ಲಿ ಅಷ್ಟು ಓದಿದವರು ಬೇರೆ ಯಾರೂ ಇರಲಿಲ್ಲವಾದ್ದರಿಂದ ಅಪ್ಪ ನನ್ನ ಮೇಲೆ ದೊಡ್ಡ ಭರವಸೆ ಇಟ್ಟಿದ್ದ. ಊರಿನ ಭಜನಾ ಮೇಳದಲ್ಲಿ ನಾನು ಚಿಕ್ಕಂದಿನಿಂದ ತಾಳ ಹಾಕುತ್ತಿದ್ದೆ. ಮೇಳದ ಹಿರಿಯರ ಹತ್ತಿರ ಒಂದು ತಂಬೂರಿ ಇತ್ತು. ಹಿಡಿಯಷ್ಟು ಬುರುಡೆ, ಎರಡು ತಂತಿ. ತತ್ವಪದ ಹಾಡುವವರಿಗೆ ಅಷ್ಟು ಸಾಕು. ಶಿಶುನಾಳ ಶರೀಫರಂಥವರು ತಂಬೂರಿಯನ್ನೇ ಈ ದೇಹಕ್ಕೆ ಹೋಲಿಸಿ ಹಾಡಿದ ನಾಡು ನಮ್ಮದು. ಆದುದರಿಂದ ತಂಬೂರಿಯೆಂದರೆ ನಮ್ಮ ಜನರಿಗೆ ವೈರಾಗ್ಯದ ಗುರುತು. ಮನೆ ಬಿಟ್ಟವರು, ಮಠ ಸೇರಿದವರು, ಭಿಕ್ಷೆಗೆ ಹೊರಟವರು ಹಿಡಿಯುವ ವಸ್ತು. ಇದರಿಂದ ಮುಂದೆ ನನಗೆ ಆದ ಪೇಚಾಟವನ್ನು ಆಮೇಲೆ ಹೇಳುತ್ತೇನೆ.

ಶಿಕ್ಷಕರ ತರಬೇತಿಗೆಂದು ಎರಡು ವರ್ಷ ಸಾಂಗಲಿಯ ಕಡೆಗೆ ಹೋಗಿದ್ದಾಗ ಮಿರಜಿನ ನಂಟು ಬೆಳೆಯಿತು. ಮಿರಜೆಂದರೆ ಇಂದಿನವರಿಗೆ ದವಾಖಾನೆಗಳ ಊರು. ಆದರೆ ಸಂಗೀತ ಬಲ್ಲವರಿಗೆ ಅದು ಬೇರೆಯೇ ಕ್ಷೇತ್ರ. ಬಾಲಕೃಷ್ಣಬುವಾ ಇಚಲಕರಂಜೀಕರರ ಬಳಿ ವಿಷ್ಣು ದಿಗಂಬರ ಪಲೂಸ್ಕರರು ಕಲಿತದ್ದು ಅಲ್ಲಿ. ೧೯೦೧ರಲ್ಲಿ ಲಾಹೋರಿನಲ್ಲಿ ಗಾಂಧರ್ವ ಮಹಾವಿದ್ಯಾಲಯ ತೆರೆಯುವ ಮುನ್ನ ಅವರು ನಡೆದಾಡಿದ ಬೀದಿಗಳು ಅವು. ಕಿರಾಣಾ ಘರಾಣೆಯ ಅಬ್ದುಲ್ ಕರೀಂ ಖಾನ ಸಾಹೇಬರು ನೆಲೆಸಿದ್ದೂ ಅಲ್ಲಿಯೇ. ೧೯೩೭ರಲ್ಲಿ ಅವರು ಮದರಾಸಿನಾಚೆ ಪ್ರಯಾಣದ ದಾರಿಯಲ್ಲಿ ತೀರಿಕೊಂಡ ಮೇಲೆ ಮಣ್ಣಾದದ್ದು ಮೀರಾಸಾಹೇಬರ ದರ್ಗಾದ ಆವರಣದಲ್ಲಿ. ಕುಂದಗೋಳದ ಸವಾಯಿ ಗಂಧರ್ವರು ಇದೇ ಖಾನ ಸಾಹೇಬರ ಶಿಷ್ಯರು. ಉರುಸಿನ ರಾತ್ರಿಗಳಲ್ಲಿ ಆ ದರ್ಗಾದ ಅಂಗಳದಲ್ಲಿ ಗವಾಯಿಗಳು ಹಾಡುವುದನ್ನು ನಾನು ಮೊದಲು ಕೇಳಿದಾಗ, ಊರಿನ ಭಜನೆಯಲ್ಲಿ ನಾನು ಹಾಡುತ್ತಿದ್ದುದು ಹಾಡೇ ಅಲ್ಲವೆಂದು ತಿಳಿಯಿತು. ಆ ತಿಳಿವಳಿಕೆಯೂ ಪೂರ್ತಿ ಸರಿಯಲ್ಲವೆಂದು ತಿಳಿಯಲು ಮತ್ತೆ ಇಪ್ಪತ್ತು ವರ್ಷ ಹಿಡಿಯಿತು, ಅದು ಬೇರೆ ಮಾತು.

ಅಲ್ಲಿ ನನಗೊಬ್ಬ ಗುರುಗಳು ದೊರೆತರು. ಧಾರವಾಡದ ಕಡೆಯವರು. ಎಲ್ಲರೂ ಅವರನ್ನು ಬುವಾ ಎನ್ನುತ್ತಿದ್ದರು. ತಮ್ಮ ಹೆಸರನ್ನು ಕಾಗದದ ಮೇಲೆ ಕಾಣುವುದು ಅವರಿಗೆ ಸೇರುತ್ತಿರಲಿಲ್ಲವಾದ್ದರಿಂದ ನಾನೂ ಇಲ್ಲಿ ಬರೆಯುವುದಿಲ್ಲ. ೧೯೬೯ರಲ್ಲಿ ಊರ ಹತ್ತಿರದ ಶಾಲೆಯಲ್ಲಿ ನನಗೆ ನೌಕರಿ ಸಿಕ್ಕ ಮೇಲೂ ತಿಂಗಳಿಗೆ ಎರಡು ಶನಿವಾರ ಮಿರಜಿಗೆ ಹೋಗಿ, ಭಾನುವಾರ ಪಾಠ ಹೇಳಿಸಿಕೊಂಡು, ರಾತ್ರಿಯೊಳಗೆ ಮರಳುತ್ತಿದ್ದೆ. ಮನೆಯಲ್ಲಿ ಅಭ್ಯಾಸಕ್ಕೆ ನೆರೆಯವರ ಹಾರ್ಮೋನಿಯಂ. ಎರಡು ವರ್ಷ ಕಳೆದಿತ್ತು. ೧೯೭೦ರ ಕೊನೆಯ ಒಂದು ಭಾನುವಾರ ಭೂಪ ರಾಗದ ಆರೋಹವನ್ನು ಹೇಳುತ್ತಿದ್ದ ನನ್ನನ್ನು ಬುವಾ ತಡೆದು, "ಮಾಸ್ತರ, ನಿನ್ನ ಗಾಂಧಾರ ಪೇಟಿಯೊಳಗಿಂದ ಬರಾಕತ್ತೈತಿ, ಗಂಟಲದಿಂದಲ್ಲ" ಎಂದರು.

ನನಗೆ ಅರ್ಥವಾಗಲಿಲ್ಲ. ಅವರು ವಿವರಿಸಿದರು. ಹಾರ್ಮೋನಿಯಂ ಮಾಡುವವರು ಸಪ್ತಕವನ್ನು ಹನ್ನೆರಡು ಸಮಪಾಲು ಮಾಡಿರುತ್ತಾರೆ. ಅದರಲ್ಲಿ ಶುದ್ಧ ಗಾಂಧಾರ ಇರಬೇಕಾದ ಜಾಗಕ್ಕಿಂತ ಒಂದು ಎಳೆ ಮೇಲಿರುತ್ತದೆ. ಕಿವಿ ಅದಕ್ಕೆ ಒಗ್ಗಿದರೆ ನಿಜವಾದ ಗಾಂಧಾರವೇ ತಪ್ಪೆಂದು ತೋರುತ್ತದೆ. ಆಕಾಶವಾಣಿಯವರು ೧೯೪೦ರಿಂದ ಮೂರು ದಶಕ ಹಾರ್ಮೋನಿಯಂಗೆ ಬಾಗಿಲು ಮುಚ್ಚಿದ್ದಕ್ಕೆ ಹಲವು ಕಾರಣಗಳಿದ್ದವು, ಅವುಗಳಲ್ಲಿ ಇದೂ ಒಂದು. "ಸ್ವಂತದ ತಂಬೂರಿ ತಗೊ. ತಂದಮ್ಯಾಲೆ ಮುಂದಿನ ಪಾಠ" ಎಂದು ಬುವಾ ಎದ್ದುಬಿಟ್ಟರು. ನಂತರದ ಎರಡು ವರ್ಷ ಹಳೆಯ ಪಾಠಗಳನ್ನೇ ಅವರ ತಂಬೂರಿಯ ಮುಂದೆ ತಿದ್ದಿಸಿದರೇ ಹೊರತು ಹೊಸದೊಂದು ಚೀಜನ್ನೂ ಕೊಡಲಿಲ್ಲ.

೧೯೭೧ರ ಜನವರಿಯಿಂದ ಅಂಚೆ ಕಚೇರಿಯ ಉಳಿತಾಯದ ಪುಸ್ತಕದಲ್ಲಿ ತಿಂಗಳಿಗೆ ೧೦ ರೂಪಾಯಿ ಕಟ್ಟತೊಡಗಿದೆ. ಸಂಬಳದ ಉಳಿದುದೆಲ್ಲ ಮನೆಗೆ. ವಿಷಯ ಊರಲ್ಲಿ ಹಬ್ಬಿದಾಗ ಕಟ್ಟೆಯ ಮೇಲಿನ ಹಿರಿಯರು ಅಪ್ಪನನ್ನು ಕರೆದು, "ಮಗನ್ನ ಮಾಸ್ತರಿಕೆಗೆ ಹಚ್ಚಿದ್ಯೋ, ಮಠಕ್ಕ ಬಿಟ್ಟಿದ್ಯೋ?" ಎಂದು ಕೇಳಿದರು. ನನಗೆ ಹೆಣ್ಣು ಕೊಡಬೇಕೆಂದಿದ್ದ ಒಂದು ಮನೆತನದವರು, ತಂಬೂರಿ ಕೊಳ್ಳುವ ಹುಡುಗ ಸಂಸಾರ ಮಾಡಿಯಾನೇ ಎಂದು ಸಂಶಯಪಟ್ಟು ಹಿಂದೆ ಸರಿದರು. ಅಪ್ಪ ಇದನ್ನು ನನಗೆ ಹೇಳಲಿಲ್ಲ. ಅವ್ವ ಹೇಳಿದಳು, ಅದೂ ನಗುತ್ತ.

ಅಷ್ಟರಲ್ಲಿ ೧೯೭೨ ಬಂತು. ಮಹಾರಾಷ್ಟ್ರದ ಬರಗಾಲವೆಂದರೆ ಇಂದಿಗೂ ಹಳಬರು ಆ ವರ್ಷವನ್ನೇ ಹೇಳುತ್ತಾರೆ. ಮುಂಗಾರು ಕೈಕೊಟ್ಟಿತು, ಹಿಂಗಾರಿನ ಜೋಳ ಬಿತ್ತಲು ನೆಲದಲ್ಲಿ ಹಸಿಯಿರಲಿಲ್ಲ. ಹೊಲವಿದ್ದವರೂ ಇಲ್ಲದವರೂ ಒಟ್ಟಿಗೆ ಸರಕಾರದ ಕಾಮಗಾರಿಯ ಮೇಲೆ ಖಡಿ ಒಡೆಯಲು ಹೋದರು. ರೇಶನ್ ಅಂಗಡಿಯಲ್ಲಿ ಅಮೆರಿಕದ ಕೆಂಪು ಮಿಲೋ ಜೋಳ. ಶಾಲೆಯಲ್ಲಿ ಮಕ್ಕಳು ಪಾಟಿಯ ಮೇಲೆ ತಲೆಯಿಟ್ಟು ಮಲಗುತ್ತಿದ್ದರು; ಎಬ್ಬಿಸಲು ನನಗೆ ಮನಸ್ಸಾಗುತ್ತಿರಲಿಲ್ಲ. ನಮ್ಮ ಮನೆಯಲ್ಲಿ ಒಂದು ಜೋಡಿ ಕಿಲಾರಿ ಎತ್ತುಗಳಿದ್ದವು. ಅಪ್ಪ ಅವನ್ನು ಕರುಗಳಿದ್ದಾಗ ತಂದು ಸಾಕಿದವನು. ಹಿತ್ತಲಿನ ಕಣಿಕೆಯ ಬಣವೆ ದಿನದಿನಕ್ಕೆ ಕುಗ್ಗುತ್ತಿತ್ತು.

ದೀಪಾವಳಿ ರಜೆಗೆ ಮುಂಚೆ ನನ್ನ ಪುಸ್ತಕದಲ್ಲಿ ೨೨೦ ರೂಪಾಯಿ ಸೇರಿತ್ತು. ಒಂದು ರಾತ್ರಿ ಊಟಕ್ಕೆ ಕುಳಿತಾಗ ನಾನೇ ಮಾತು ತೆಗೆದು, ಈ ಹಣ ಎತ್ತಿನ ಮೇವಿಗೆ ಆಗಲಿ ಎಂದೆ. ಅಪ್ಪ ತುತ್ತನ್ನು ನುಂಗಿ, "ರೊಕ್ಕಾ ಕೊಟ್ರೂ ಮೇವು ಎಲ್ಲಿ ಸಿಗತೈತಿ ತಮ್ಮಾ? ನಿನ್ನ ಗುರು ಹೇಳಿದ್ದನ್ನ ನೀ ತಗೊಂಡು ಬಾ" ಎಂದ. ನಾನು ಮರುಮಾತಾಡಲಿಲ್ಲ. ಒಂದು ಮಾತು ಹೆಚ್ಚು ಆಡಿದ್ದರೆ ಅವನು ಹಣವನ್ನು ತೆಗೆದುಕೊಂಡಾನೆಂಬ ಅಂಜಿಕೆ ನನ್ನೊಳಗೆ ಇತ್ತು. ಇದನ್ನು ನಾನು ಈವರೆಗೆ ಯಾರೆದುರಿಗೂ ಹೇಳಿಲ್ಲ.

ದೀಪಾವಳಿಯ ಮರುವಾರ ಮಿರಜಿಗೆ ಹೋದೆ. ನಿಲ್ದಾಣದಿಂದ ಬುವಾ ಅವರ ಮನೆಗೆ ನಡೆಯುವಾಗ ರಸ್ತೆಯ ಮಗ್ಗುಲಲ್ಲಿ ಒಂದು ಟ್ರಕ್ಕು ನಿಂತಿತ್ತು. ಅದರ ತುಂಬ ಹಸಿರು ಕಬ್ಬಿನ ಸೋಗೆ. ಕೃಷ್ಣೆಯ ದಂಡೆಯಲ್ಲಿ ಕಬ್ಬು ಕಡಿಯುವ ಹಂಗಾಮು ಆರಂಭವಾಗಿತ್ತು. ನಾನು ನಿಂತು ಬೆಲೆ ವಿಚಾರಿಸಿದೆ. ಚಾಲಕ ಹೇಳಿದ, ನಮ್ಮ ತಾಲೂಕಿನ ಕಡೆಗೇ ಹೊರಟಿದ್ದೇವೆ, ಬೇಕಿದ್ದರೆ ಊರ ಹೆಸರು ಹೇಳಿ ಎಂದೂ ಅಂದ. ಶಾಲಾಮಾಸ್ತರನಿಗೆ ಗುಣಾಕಾರ ಕಷ್ಟವೇ? ನನ್ನ ಕಿಸೆಯಲ್ಲಿದ್ದ ಹಣಕ್ಕೆ ಎರಡು ಎತ್ತುಗಳು ಸಂಕ್ರಾಂತಿಯವರೆಗೆ ಬದುಕುತ್ತಿದ್ದವು. "ಆಮೇಲೆ ಹೇಳ್ತೀನಿ" ಎಂದು ಮರಾಠಿಯಲ್ಲಿ ಅಂದು ನಡೆದುಬಿಟ್ಟೆ.

ಸಿತಾರಮೇಕರ ಗಲ್ಲಿಯಲ್ಲಿ ಕಾಲಿಟ್ಟರೆ ಮೊದಲು ಮೂಗಿಗೆ ಬಡಿಯುವುದು ಅರಗಿನ ವಾಸನೆ. ಹತ್ತೊಂಬತ್ತನೆಯ ಶತಮಾನದ ನಡುಭಾಗದಲ್ಲಿ, ಪಟವರ್ಧನರ ಸಂಸ್ಥಾನದ ಕಾಲಕ್ಕೆ, ಆಯುಧಗಳಿಗೆ ಸಾಣೆ ಹಿಡಿಯುತ್ತಿದ್ದ ಶಿಕಲಗಾರ ಮನೆತನದ ಫರೀದಸಾಹೇಬರು ವಾದ್ಯಗಳನ್ನು ರಿಪೇರಿ ಮಾಡುತ್ತ ಮಾಡುತ್ತ ಹೊಸವನ್ನೇ ಮಾಡತೊಡಗಿದರೆಂದು ಅಲ್ಲಿಯವರು ಹೇಳುತ್ತಾರೆ. ಕತ್ತಿಯ ಅಲಗು ತಿದ್ದಿದ ಕೈಗಳು ತಂಬೂರಿಯ ಕುದುರೆಯನ್ನು ತಿದ್ದಿದವು. ಅಂಗಡಿಯೊಳಗೆ ಸೂರಿಗೆ ತೂಗುಹಾಕಿದ ಬುರುಡೆಗಳನ್ನು ಕಂಡು ನಾನು ಬೆರಗಾದೆ. ಇವು ನಾವು ಪಲ್ಯ ಮಾಡುವ ಕುಂಬಳವಲ್ಲ, ದಪ್ಪ ಚಿಪ್ಪಿನ ಕಹಿ ಸೋರೆ. ಪಂಢರಪುರ ಮಂಗಳವೇಢೆಗಳ ಕಡೆ, ಭೀಮೆಯ ದಂಡೆಯ ಹೊಲಗಳಲ್ಲಿ ಇದಕ್ಕೆಂದೇ ಬೆಳೆಯುತ್ತಾರೆ. ಬಳ್ಳಿಯ ಮೇಲಿದ್ದಾಗಲೇ ರೈತ ಕಾಯಿಯನ್ನು ನೇರವಾಗಿ ಕೂರಿಸಬೇಕು, ಇಲ್ಲವಾದರೆ ಒಂದು ಮಗ್ಗುಲು ಚಪ್ಪಟೆಯಾಗುತ್ತದೆ. ತಿಂಗಳುಗಟ್ಟಲೆ ಒಣಗಿಸಿ, ಕೊಯ್ಯುವ ಮೊದಲು ನೀರಿನಲ್ಲಿ ನೆನೆಯಿಟ್ಟು, ತೆರೆದು, ಬೀಜ ತೆಗೆದು, ಮತ್ತೆ ಒಣಗಿಸುತ್ತಾರೆ. ಮೇಲಿನ ದಾಂಡಿಗೂ ಮುಂದಿನ ಹಲಗೆಗೂ ತುನ್ ಮರ.

ನನ್ನ ಕಣ್ಣು ಒಂದು ಹೊಸ ತಂಬೂರಿಯ ಮೇಲೆ ನೆಟ್ಟಿತು. ಬುರುಡೆಯ ಕೊರಳಿಗೆ ಎಲೆಗಳ ಕೆತ್ತನೆ, ಅಂಚಿನುದ್ದಕ್ಕೂ ಬಿಳಿಯ ಕುಸುರಿ, ಕನ್ನಡಿಯಂಥ ಹೊಳಪು. ಬೆಲೆ ೩೨೫ ರೂಪಾಯಿ. ಬುವಾ ಅದರ ಕಡೆ ತಿರುಗಿಯೂ ನೋಡಲಿಲ್ಲ. "ಲಗ್ನದ ಮನಿಗೆ ಬಂದೀಯೇನು?" ಎಂದು ಕೇಳಿ, ಒಳಗೋಡೆಗೆ ಒರಗಿಸಿದ್ದ ನಾಲ್ಕೈದು ಮಂಕು ಬಣ್ಣದ ತಂಬೂರಿಗಳ ಮುಂದೆ ಕುಳಿತರು.

ಅವರು ಆರಿಸಿದ ರೀತಿಯನ್ನು ನಾನು ಆಮೇಲೆ ಎಷ್ಟೋ ಶಿಷ್ಯರಿಗೆ ಹೇಳಿಕೊಟ್ಟಿದ್ದೇನೆ. ಮೊದಲು ಬುರುಡೆಯನ್ನು ಬೆರಳ ಗೆಣ್ಣಿನಿಂದ ಸುತ್ತಲೂ ತಟ್ಟಿದರು. ಒಂದು ಕಡೆ ಗಡಸು, ಮತ್ತೊಂದು ಕಡೆ ಮೆತ್ತಗೆ ಕೇಳಿಸಿದರೆ ಚಿಪ್ಪು ಸಮನಾಗಿಲ್ಲ. ಆಮೇಲೆ ಬಡಿಗರು ತೊಲೆಯನ್ನು ನೋಡುವಂತೆ ಒಂದು ಕಣ್ಣು ಮುಚ್ಚಿ ದಾಂಡಿಯುದ್ದಕ್ಕೂ ದೃಷ್ಟಿ ಹಾಯಿಸಿದರು. ಮರ ಹಸಿಯಿದ್ದಾಗ ಮಾಡಿದ ದಾಂಡಿ ಎರಡು ಬೇಸಗೆ ಕಳೆಯುವಷ್ಟರಲ್ಲಿ ಬಿಲ್ಲಿನಂತೆ ಬಾಗುತ್ತದೆ, ಅದಕ್ಕೆ ಮದ್ದಿಲ್ಲ. ಬುರುಡೆಗೂ ದಾಂಡಿಗೂ ಕೂಡುವ ಕೊರಳಿನ ಸಂದಿಯಲ್ಲಿ ಉಗುರು ಆಡಿಸಿದರು. ಬಿರಡೆಯೊಂದನ್ನು ಏರಿಸಿ, ಕೈಬಿಟ್ಟು, ಒಂದು ಎಲೆಯಡಿಕೆ ಮೆಲ್ಲುವಷ್ಟು ಹೊತ್ತು ಕಾಯ್ದರು, ಶ್ರುತಿ ಇಳಿಯಲಿಲ್ಲ. ಅನಂತರವೇ ಮೀಟಿದ್ದು. ಅದೂ ನಾಲ್ಕು ತಂತಿಗಳನ್ನು ಒಟ್ಟಿಗಲ್ಲ. ಕೊನೆಯ ಹಿತ್ತಾಳೆಯ ತಂತಿಯನ್ನು, ಖರಜವನ್ನು, ಒಂದೇ ಸಲ ಮೀಟಿ ಕಣ್ಣು ಮುಚ್ಚಿದರು.

ಅಂಗಡಿಯ ಹಿರಿಯರು ಕುದುರೆಯ ಮೇಲಿನ ದಾರದ ಎಳೆಯನ್ನು ಕೂದಲೆಳೆಯಷ್ಟು ಸರಿಸಿದರು. ಅದಕ್ಕೆ ನಮ್ಮಲ್ಲಿ ಜೀವಾಳ ಎನ್ನುವುದು ಎಷ್ಟು ಸರಿಯಾದ ಮಾತು! ಕುದುರೆಯ ಮೈ ಚಪ್ಪಟೆಯಲ್ಲ, ಕಾಣದಷ್ಟು ಇಳಿಜಾರು. ಕಂಪಿಸುವ ತಂತಿ ಆ ಇಳಿಜಾರನ್ನು ಸವರುತ್ತ ಸವರುತ್ತ ಝೇಂಕಾರವನ್ನು ಎಬ್ಬಿಸುತ್ತದೆ. ಜವಾರಿ ಎಂಬುದು ಇದೇ. ಜವಾರಿ ಸರಿಯಿದ್ದರೆ, ಷಡ್ಜವನ್ನಷ್ಟೇ ಮೀಟಿದರೂ ತಂತಿ ಐದು ಸಮಪಾಲಾಗಿಯೂ ನಡುಗಿ, ಯಾರೂ ಮುಟ್ಟದ ಗಾಂಧಾರವೊಂದು ತಾನಾಗಿಯೇ ಮೇಲೆ ತೇಲಿ ಬರುತ್ತದೆ. ಅದು ಸ್ವಯಂಭೂ ಗಾಂಧಾರ. ಹಾರ್ಮೋನಿಯಂನಲ್ಲಿ ಇಲ್ಲದ್ದು, ಬುವಾ ನನ್ನ ಗಂಟಲಲ್ಲಿ ಹುಡುಕುತ್ತಿದ್ದುದು.

"ಕೇಳಿಸ್ತೇನು?" ಎಂದರು ಬುವಾ.

ನನಗೆ ಕೇಳಿಸಿದ್ದು ಝೇಂಕಾರ ಮಾತ್ರ. ಕಿವಿಯೊಳಗೆ ಇನ್ನೂ ಆ ಟ್ರಕ್ಕಿನವನು ಹೇಳಿದ ಬೆಲೆಯೇ ಇತ್ತು. "ಹೌದ್ರಿ" ಎಂದೆ.

ಅದು ಹೊಸ ವಾದ್ಯವಲ್ಲ. ಕಲಿಯುವುದನ್ನು ಬಿಟ್ಟ ಒಬ್ಬರು ಏಳೆಂಟು ವರ್ಷ ಇಟ್ಟುಕೊಂಡು ಮರಳಿಸಿದ್ದು. ಬುರುಡೆಯ ಕೆಳಗೆ ಅಂಗೈಯಗಲದ ತೇಪೆ ಇತ್ತು. ಹಳೆಯ ಮರ ಬಾಗುವುದಿದ್ದರೆ ಆಗಲೇ ಬಾಗಿರುತ್ತಿತ್ತು, ತೇಪೆಯಿಂದ ನಾದ ಕೆಡುವುದಿಲ್ಲ, ಕುದುರೆ ಹೊಸದು ಎಂದು ಹೇಳಿ ಬುವಾ ೨೩೦ರಿಂದ ೧೯೦ಕ್ಕೆ ಇಳಿಸಿದರು. ಖಾದಿಯ ಗವಸಣಿಗೆಗೆ ೧೨ ರೂಪಾಯಿ. ಒಂದು ಜೊತೆ ತಂತಿಯನ್ನು ಅಂಗಡಿಯ ಹಿರಿಯರು ಹಾಗೆಯೇ ಕೊಟ್ಟು, ದಖನಿಯಲ್ಲಿ, ಬುರುಡೆಯನ್ನು ಎಂದೂ ನೆಲದ ಮೇಲೆ ನೇರ ಇಡಬೇಡಿ, ಬಟ್ಟೆಯ ಸಿಂಬೆ ಮಾಡಿ ಎಂದರು.

ಬಸ್ಸಿನಲ್ಲಿ ಹೋದರೆ ಟಪ್ಪಿನ ಮೇಲೆ ಹಾಕೆಂದಾರು, ರೈಲಿಗೇ ಹೋಗು ಎಂದು ಬುವಾ ತಾಕೀತು ಮಾಡಿದರು. ಆಗ ಮಿರಜಿನಿಂದ ಪಂಢರಪುರ ಕುರ್ಡುವಾಡಿಗಳಿಗೆ ಚಿಕ್ಕ ಹಳಿಯ ಗಾಡಿ ಓಡುತ್ತಿತ್ತು. ಜನ ಅದನ್ನು ಬಾರ್ಶಿ ಲೈಟ್ ಎನ್ನುತ್ತಿದ್ದರು. ಕಾರ್ತಿಕ ಏಕಾದಶಿ ಹತ್ತಿರ ಬಂದಿದ್ದರಿಂದ ಡಬ್ಬಿಯ ತುಂಬ ಪಂಢರಪುರಕ್ಕೆ ಹೊರಟ ವಾರಕರಿಗಳು. ಅಂಥ ಬರಗಾಲದಲ್ಲಿಯೂ ವಾರಿ ತಪ್ಪಿಸದ ಜನ. ಬುತ್ತಿಯ ಗಂಟು ಮಾತ್ರ ಚಿಕ್ಕದಾಗಿತ್ತು. ನಾಲ್ಕೂವರೆ ಅಡಿಗೂ ಉದ್ದನೆಯ ಗಂಟನ್ನು ಅಪ್ಪಿಕೊಂಡು ನಾನು ಬಾಗಿಲಲ್ಲಿ ನಿಂತಾಗ ಒಬ್ಬ ಮುದುಕ, "ಕಾಯ್ ಆಹೇ ಮಾಸ್ತರ?" ಎಂದು ಕೇಳಿದ. ತಂಬೂರಿ ಎಂದೊಡನೆ ಅವನು ಗವಸಣಿಗೆಯ ಮೇಲಿಂದಲೇ ಬುರುಡೆಯನ್ನು ಮುಟ್ಟಿ ಕೈಯನ್ನು ಎದೆಗೊತ್ತಿಕೊಂಡು, ಎದ್ದು ನಿಂತು, ತನ್ನ ಜಾಗದಲ್ಲಿ ಅದನ್ನು ಕೂರಿಸಿದ. ಮೂರು ತಾಸು ಅವನೂ ನಾನೂ ನಿಂತೆವು, ತಂಬೂರಿ ಕುಳಿತಿತ್ತು. ಅದರ ಬುರುಡೆ ಬೆಳೆದ ಊರಿನ ದಿಕ್ಕಿಗೇ ಗಾಡಿ ಹೊರಟಿತ್ತು.

ಜತ್ ರೋಡ್ ನಿಲ್ದಾಣದಿಂದ ನಮ್ಮೂರು ಎರಡು ಹರದಾರಿ. ನಾನು ಹೋಗುವಾಗ ಹೇಳಿದ್ದನ್ನು ನೆನಪಿಟ್ಟು ಅಪ್ಪ ಗಾಡಿ ಹೂಡಿಕೊಂಡು ಬಂದಿದ್ದ. ಎತ್ತುಗಳ ಪಕ್ಕೆಲುಬುಗಳನ್ನು ಎಣಿಸಬಹುದಾಗಿತ್ತು. ಗಾಡಿಯಲ್ಲಿ ತಂಬೂರಿ ಕುಲುಕಬಾರದೆಂದು ಅವನು ಎರಡು ಸೂಡು ಕಣಿಕೆಯನ್ನು ಹಾಸಿದ್ದ. ಬಣವೆಯಲ್ಲಿ ಉಳಿದುದರಲ್ಲಿ ಅದೆಷ್ಟು ಪಾಲೋ ನಾನು ಕೇಳಲಿಲ್ಲ. ಎಡಗಡೆಯ ಎತ್ತು ಆ ವಾಸನೆಗೆ ಮತ್ತೆ ಮತ್ತೆ ಹಿಂದಕ್ಕೆ ಕತ್ತು ಹೊರಳಿಸುತ್ತಿತ್ತು. ಅಪ್ಪ ಬಾರುಕೋಲು ಎತ್ತಲಿಲ್ಲ. "ಮನೀಗೆ ಹೋದಮ್ಯಾಲೆ ಕೊಡ್ತೀನಿ ನಡೀಪಾ" ಎಂದು ಅದರ ಸಂಗಡ ಮಾತಾಡುತ್ತ ನಡೆಸಿದ. ಅವ್ವ ತಂಬೂರಿಗೆ ಕುಂಕುಮ ಹಚ್ಚಿ ಒಳಗೆ ಕರೆದುಕೊಂಡಳು. ಅದನ್ನು ಇಡಲು ಜಾಗ ಸಿಗದೆ ನಡುಮನೆಯ ಗೋಡೆಯ ಗೂಟಕ್ಕೆ ತೂಗುಹಾಕಿದೆವು.

ಮುಂದಿನ ತಿಂಗಳು ಜತ್ತದ ಯಲ್ಲಮ್ಮನ ಜಾತ್ರೆಯ ದನದ ಪೇಟೆಯಲ್ಲಿ ಅಪ್ಪ ಎರಡೂ ಎತ್ತುಗಳನ್ನು ಮಾರಿದ. ಆ ವರ್ಷ ಕೊಳ್ಳುವವರೇ ಇರಲಿಲ್ಲ. ಬಂದ ಬೆಲೆಯನ್ನು ಅವನು ಯಾರಿಗೂ ಹೇಳಲಿಲ್ಲ. ಕೊರಳ ಗಂಟೆಯ ಸರಗಳನ್ನು ಮಾತ್ರ ಬಿಚ್ಚಿ ಮನೆಗೆ ತಂದು, ತಂಬೂರಿಯ ಪಕ್ಕದ ಗೂಟಕ್ಕೆ ಹಾಕಿದ. ಆ ಗೋಡೆಯಲ್ಲಿ ಗೂಟಗಳು ಇದ್ದುದೇ ಎರಡು.

ಅಂದಿನಿಂದ ನಸುಕಿನಲ್ಲಿ ಎದ್ದು ಅಭ್ಯಾಸ ಮಾಡುವುದು ನನಗೆ ವ್ರತವಾಯಿತು. ಭಕ್ತಿಯಿಂದ ಎಂದು ಹೇಳಲಾರೆ. ಏಳದಿದ್ದರೆ ಗೋಡೆಯನ್ನು ನೋಡಲಾಗುತ್ತಿರಲಿಲ್ಲ. ಬುವಾ ಹೊಸ ಪಾಠಗಳನ್ನು ಆರಂಭಿಸಿದರು. ಗಾಂಧರ್ವ ಮಹಾವಿದ್ಯಾಲಯ ಮಂಡಳದ ಪರೀಕ್ಷೆಗಳಲ್ಲಿ ಮಧ್ಯಮಾ ಪೂರ್ಣದವರೆಗೆ ತೇರ್ಗಡೆಯಾದೆ. ವಿಶಾರದಕ್ಕೆ ಕುಳಿತುಕೊಳ್ಳಲಿಲ್ಲ. ಮದುವೆ, ಮಕ್ಕಳು, ಬದಲಿ, ಹೀಗೆ ಕಾರಣಗಳು ಬೇಕಾದಷ್ಟಿವೆ. ನಿಜವಾದ ಕಾರಣ, ನನ್ನ ಕಂಠ ಅಷ್ಟರದೇ. ಬುವಾ ಅದನ್ನು ಮೊದಲೇ ಬಲ್ಲವರಾಗಿದ್ದರೂ ಎಂದೂ ಆಡಿ ತೋರಿಸಲಿಲ್ಲ. ಗಾಂಧಾರದ ವಿಷಯದಲ್ಲಿ ಅವರು ಮತ್ತೆ ನನ್ನನ್ನು ಕೇಳಲಿಲ್ಲ, ನಾನೂ ಹೇಳಲಿಲ್ಲ. ಕೇಳಿಸುತ್ತದೆಂದು ಒಮ್ಮೆ ಅಂದವನು ಕೇಳಿಸುವುದಿಲ್ಲವೆಂದು ಯಾವ ಮುಖದಿಂದ ಹೇಳಬೇಕು?

೧೯೭೫ರ ಜೂನಿನಲ್ಲಿ ನಮ್ಮ ಈ ಶಾಲೆ ಗುಡಿಯ ಪಡಸಾಲೆಯಲ್ಲಿ ಆರಂಭವಾಯಿತು. ಎರಡನೆಯ ಶಿಕ್ಷಕನಾಗಿ ನಾನು ಬಂದೆ. ಪಾಟಿಹಲಗೆ ಬರುವ ಮುನ್ನವೇ ತಂಬೂರಿ ಬಂತೆಂದು ಆಗಿನ ಪಾಲಕರು ಹಾಸ್ಯ ಮಾಡುತ್ತಿದ್ದರು. ನನ್ನದು ಗಂಡಸರ ಶ್ರುತಿಯ ತಂಬೂರಿ, ಕಾಳಿ ಒಂದಕ್ಕೆ ಸರಿಯಾದದ್ದು. ಮಕ್ಕಳ ಕಂಠಕ್ಕೆ ತೀರ ಕೆಳಗೆ. ಏರಿಸಲು ಹೋಗಿ ಮೊದಲ ದಿನವೇ ಒಂದು ತಂತಿ ಹಾರಿ ನನ್ನ ಮುಂಗೈ ಕೊಯ್ದಿತು. ಮಕ್ಕಳಿಗೆ ಆ ದಿನದ ಪ್ರಾರ್ಥನೆ ಬಹಳ ಸೊಗಸಾಗಿ ಕಂಡಿರಬೇಕು. ಆಮೇಲೆ ತೆಳು ತಂತಿಗಳನ್ನು ತರಿಸಿ ಹೊಂದಿಸಿದೆ. ಊರಲ್ಲಿ ಮರಾಠಿ ಶಾಲೆ ಇರುವಾಗ ಇದೇಕೆ ಎನ್ನುತ್ತಿದ್ದವರ ಮಕ್ಕಳೂ ಬೆಳಗಿನ ಪ್ರಾರ್ಥನೆಯನ್ನು ಕೇಳಲು ಪಡಸಾಲೆಯ ಕಂಬಗಳ ಹಿಂದೆ ಬಂದು ನಿಲ್ಲುತ್ತಿದ್ದರು.

೧೯೭೮ರ ಮಳೆಗಾಲದ ಒಂದು ಬೆಳಿಗ್ಗೆ. ಅಪರೂಪಕ್ಕೆ ರಾತ್ರಿಯಿಡೀ ಮಳೆ ಹಿಡಿದಿತ್ತು. ಮಕ್ಕಳು ಬಂದಿರಲಿಲ್ಲ. ಮೂರನೆಯ ಇಯತ್ತೆಯ ಒಬ್ಬ ಹುಡುಗಿ ಮಾತ್ರ ಗೋಣಿಚೀಲದ ಕೊಪ್ಪೆ ಹಾಕಿಕೊಂಡು ಬಂದು ಮೂಲೆಯಲ್ಲಿ ನಡುಗುತ್ತ ಕುಳಿತಿದ್ದಳು. ತೇವಕ್ಕೆ ಬಿರಡೆಗಳು ಉಬ್ಬಿ ಹಟ ಮಾಡುತ್ತಿದ್ದವು. ನಾನು ಶ್ರುತಿ ಸೇರಿಸುತ್ತ, ಜೀವಾಳವನ್ನು ಸರಿಸುತ್ತ, ಖರಜವನ್ನು ಮೀಟುತ್ತಲಿದ್ದೆ. ಆ ಹುಡುಗಿ ಹತ್ತಿರ ಬಂದು ಬುರುಡೆಗೆ ಕಿವಿಯಿಟ್ಟು, "ಗುರುಗಳ, ಒಳಗ ಮತ್ತೊಬ್ಬರು ಯಾರೋ ಹಾಡಾಕತ್ತಾರ್ರಿ" ಎಂದಳು.

"ಹ್ಯಾಂಗ ಹಾಡ್ತಾರ? ಹೇಳು ನೋಡೋಣ" ಎಂದೆ.

ಅವಳು ಬಾಯಿ ತೆರೆದು ಹೇಳಿದ ಸ್ವರ ಗಾಂಧಾರ. ಅವಳಿಗೆ ಅದರ ಹೆಸರು ಗೊತ್ತಿರಲಿಲ್ಲ. ಅವಳ ದನಿಯ ಬೆನ್ನು ಹಿಡಿದು ನಾನು ಮತ್ತೆ ತಂಬ��ರಿಯೊಳಕ್ಕೆ ಕಿವಿಗೊಟ್ಟೆ. ಅದು ಅಲ್ಲಿತ್ತು. ಆರು ವರ್ಷ ನನ್ನ ಮೊಣಕಾಲ ಮೇಲೆಯೇ ಇದ್ದದ್ದು. ಮುಂದಿನ ಭಾನುವಾರ ಮಿರಜಿಗೆ ಹೋಗಿ ಬುವಾ ಅವರಿಗೆ ಅಂಗಡಿಯಲ್ಲಿ ಹೇಳಿದ ಸುಳ್ಳನ್ನು ಒಪ್ಪಿಕೊಂಡೆ. ಅವರು ಅಡಕೆ ಕತ್ತರಿಸುತ್ತ, "ನಿನ್ನ ಮಾರಿ ನೋಡೇ ತಿಳದಿತ್ತು. ತಂಬೂರಿಗಂತೂ ಕೇಳಸ್ತಿತ್ತಲ್ಲ, ಅದಕ್ಕ ಅದನ್ನ ಆರಿಸಿದೆ" ಎಂದರು. ಎತ್ತಿನ ಸಂಗತಿಯನ್ನು ಅವರಿಗೂ ಹೇಳಲಿಲ್ಲ.

೧೯೯೧ರಲ್ಲಿ ಚೆಂಡು ಬಡಿದು ಬುರುಡೆ ಸೀಳಿತು. ಎಸೆದ ಹುಡುಗ ಎರಡು ದಿನ ಶಾಲೆಗೇ ಬರಲಿಲ್ಲ. ಅವನ ಮನೆಗೆ ಹೋಗಿ ಕರೆತರಬೇಕಾಯಿತು. ಮಿರಜಿನಲ್ಲಿ ರಿಪೇರಿಗೆ ಕೊಟ್ಟಾಗ, ಆ ಹಿರಿಯರ ಮಗ ತೇಪೆಯನ್ನು ಸವರಿ ನೋಡಿ ಇದು ನಮ್ಮ ತಂದೆಯವರ ಕೈ ಎಂದು ಗುರುತಿಸಿದರು. ಅದರ ಮಗ್ಗುಲಿಗೆ ಅವರದೊಂದು ತೇಪೆ ಸೇರಿತು. ಈಗ ಮಿರಜಿನ ಸಿತಾರಿಗೂ ತಂಬೂರಿಗೂ ೨೦೨೪ರಲ್ಲಿ ಭೌಗೋಳಿಕ ಸೂಚಕದ ಮಾನ್ಯತೆ ದೊರೆತಿದೆ. ಸಂತೋಷದ ವಿಷಯ. ಆದರೆ ಈಗಿನ ವಿದ್ಯಾರ್ಥಿಗಳು ಮೊಬೈಲಿನಲ್ಲಿಯೇ ತಂಬೂರಿಯನ್ನು ಹಚ್ಚಿಕೊಂಡು ಹಾಡುತ್ತಾರೆ. ಅದನ್ನು ನಾನು ಹಳಿಯುವುದಿಲ್ಲ. ಬಡವರ ಮಕ್ಕಳಿಗೆ ಅದೊಂದು ವರವೇ. ತಂಬೂರಿಯನ್ನೇ ಕೊಳ್ಳುತ್ತೇನೆಂದು ಬಂದವರಿಗೆ ಮಾತ್ರ, ಒಬ್ಬರೇ ಹೋಗಬೇಡಿ, ಕಿವಿ ಬಲ್ಲವರನ್ನು ಕರೆದೊಯ್ಯಿರಿ, ಕುಸುರಿಗೆ ಹಣ ಕೊಡಬೇಡಿ, ಕೊನೆಯ ತಂತಿಯನ್ನು ಮೊದಲು ಮೀಟಿರಿ ಎನ್ನುತ್ತೇನೆ. ಕೇಳಿಸದಿದ್ದರೆ ಕೇಳಿಸಲಿಲ್ಲವೆಂದು ಹೇಳಿರಿ ಎಂದೂ ಸೇರಿಸುತ್ತೇನೆ.

ಅಪ್ಪ ೧೯೮೬ರಲ್ಲಿ ತೀರಿಕೊಂಡ. ಕೊನೆಯ ವರ್ಷಗಳಲ್ಲಿ ಕಣ್ಣು ಮಂಜಾಗಿ ಕಟ್ಟೆಗೆ ಹೋಗುವುದನ್ನು ಬಿಟ್ಟಿದ್ದ. ರಜೆಯ ದಿನಗಳಲ್ಲಿ ತಂಬೂರಿಯನ್ನು ಶಾಲೆಯಿಂದ ಮನೆಗೆ ತಂದಾಗ, "ಹಾಡಬ್ಯಾಡ, ಬರೇ ಬಾರಿಸು" ಎಂದು ಹೇಳಿ ಗೋಡೆಗೊರಗಿ ಕೂರುತ್ತಿದ್ದ. ಒಂದು ಸಂಜೆ ನಾನು ಧೈರ್ಯ ಮಾಡಿ ಆ ಟ್ರಕ್ಕಿನ ಮಾತನ್ನು ತೆಗೆದೆ. ಅವನು ಬಹಳ ಹೊತ್ತು ಸುಮ್ಮನಿದ್ದು, "ನಮ್ಮೂರ ಮುಂದನ ಹಾದು ಹೋತಲ್ಲ ಅದು, ನಾನೂ ರೇಟ್ ಕೇಳಿದ್ದೆ" ಎಂದ. ಆಮೇಲೆ, "ಬಾರಿಸು" ಎಂದ.

೨೦೦೭ರಲ್ಲಿ ಮುಖ್ಯಾಧ್ಯಾಪಕ ಹುದ್ದೆಯಿಂದ ನಿವೃತ್ತನಾದಾಗ ತಂಬೂರಿಯನ್ನು ಶಾಲೆಗೇ ಬಿಟ್ಟುಬಂದೆ. ವಾರಕ್ಕೊಮ್ಮೆ ಹೋಗಿ ಶ್ರುತಿ ನೋಡುತ್ತೇನೆ. ಮಹೋತ್ಸವದ ಪ್ರಾರ್ಥನೆಗೆಂದು ಕಳೆದ ವಾರ ನಾಲ್ಕೂ ತಂತಿಗಳನ್ನು ಹೊಸದಾಗಿ ಏರಿಸಿದ್ದೇನೆ. ಜಗ್ಗಿ ನಿಲ್ಲಲು ಇನ್ನೂ ಎಂಟು ದಿನ ಬೇಕು, ಅಲ್ಲಿಯವರೆಗೆ ಮಕ್ಕಳು ಬಿರಡೆಗಳನ್ನು ಮುಟ್ಟದಂತೆ ಈಗಿನ ಗುರುಗಳು ನೋಡಿಕೊಳ್ಳಬೇಕು. ಗಂಟೆಯ ಸರಗಳು ಮನೆಯಲ್ಲಿ ಅದೇ ಗೂಟದ ಮೇಲಿವೆ.